ಪೇಚಿಗೆ ಸಿಕ್ಕಾಗ ನಗುವ ಬಗೆ

ದರ್ಶಿನಿಯ ಕೌಂಟರಿನ ಮುಂದೆ ನಿಂತು ಎರಡು ಇಡ್ಲಿ, ಒಂದು ವಡೆ, ಒಂದು ಕಾಫಿ ಎಂದು ಹೇಳಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತೀರಿ. ಮೊಬೈಲಿನಲ್ಲಿ ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಇಷ್ಟು ರೂಪಾಯಿ ಬಂತೆಂದು ಬೀದಿಗೆಲ್ಲ ಕೇಳುವಂತೆ ಸಾರುವ ಪೆಟ್ಟಿಗೆ ನಿಮ್ಮ ಸರದಿಗೇ ಮೌನವ್ರತ ಹಿಡಿದಿದೆ. ಹಿಂದೆ ಏಳೆಂಟು ಜನ ನಿಂತಿದ್ದಾರೆ. ಕ್ಯಾಷಿಯರ್ ತಲೆಯನ್ನೂ ಎತ್ತದೆ "ಸ್ವಲ್ಪ ಪಕ್ಕಕ್ಕೆ ಬನ್ನಿ ಸಾರ್" ಎನ್ನುತ್ತಾರೆ. ಖಾತೆಯಲ್ಲಿ ಹಣವಿದೆ, ತಪ್ಪು ಯಾವುದೋ ಸರ್ವರಿನದು. ಆದರೂ ಕಿವಿ ಬಿಸಿಯಾಗುತ್ತದೆ. ಈ ಏಳೆಂಟು ಜನರೂ ನನ್ನನ್ನು ದಿವಾಳಿ ಎದ್ದವನೆಂದೇ ತಿಳಿದರು ಎಂಬ ತೀರ್ಮಾನಕ್ಕೆ ಮನಸ್ಸು ಕ್ಷಣಾರ್ಧದಲ್ಲಿ ಬಂದುಬಿಡುತ್ತದೆ.

ನಡೆದದ್ದು ಒಂದು ಪಾವತಿ ತಡವಾದದ್ದು, ಅಷ್ಟೇ. ಉಳಿದದ್ದೆಲ್ಲ ನಮಗೆ ನಾವೇ ಒಪ್ಪಿಸಿಕೊಂಡ ವರದಿ. ಮುಜುಗರದ ಭಾರವೆಲ್ಲ ಇರುವುದು ಈ ವರದಿಯಲ್ಲಿ. ಅದನ್ನು ಆರೋಪಪಟ್ಟಿಯ ಹಾಗೆ ಬರೆದುಕೊಂಡರೆ ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಓದಿಸುತ್ತದೆ. ಪ್ರಸಂಗದ ಹಾಗೆ ಬರೆದುಕೊಂಡರೆ ನಾಲ್ಕು ಜನರ ನಡುವೆ ಹೇಳಿ ನಗಬಹುದು. ಇದು ಹುಟ್ಟಿನಿಂದ ಬರುವ ಗುಣ, ಹಾಸ್ಯಪ್ರಜ್ಞೆ ಇದ್ದವರಿಗೆ ಮಾತ್ರ ಸಾಧ್ಯ ಎಂದು ಹಲವರು ತಿಳಿದಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅಡುಗೆಯನ್ನೋ ಸೈಕಲ್ಲನ್ನೋ ಕಲಿತವರು ಇದನ್ನೂ ಕಲಿಯಬಹುದು. ಕಲಿಯುವ ಕ್ರಮ ಹೀಗಿದೆ.

ಮೊದಲ ಅರ್ಧ ನಿಮಿಷ ಮೈಯದು

ಪೇಚಿಗೆ ಸಿಕ್ಕ ಕ್ಷಣದಲ್ಲಿ ತಮಾಷೆ ಹೊಳೆಯುವುದಿಲ್ಲ. ಹೊಳೆಯಬೇಕೆಂದು ನಿರೀಕ್ಷಿಸಲೂಬಾರದು. ಅಡ್ರಿನಲಿನ್ ಆಗಲೇ ರಕ್ತಕ್ಕೆ ಇಳಿದಿರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮುಖದ ರಕ್ತನಾಳಗಳು ಹಿಗ್ಗಿ ಕೆನ್ನೆ, ಕಿವಿ ಕೆಂಪಾಗುತ್ತವೆ. ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಭಾವಗಳ ಅಭಿವ್ಯಕ್ತಿಯ ಬಗ್ಗೆ ಬರೆದಾಗ ಮುಖ ಕೆಂಪೇರುವುದಕ್ಕೆ ಒಂದು ಇಡೀ ಅಧ್ಯಾಯವನ್ನೇ ಮೀಸಲಿಟ್ಟ. ಎಲ್ಲ ಅಭಿವ್ಯಕ್ತಿಗಳಲ್ಲಿ ಮನುಷ್ಯನಿಗೇ ಅತ್ಯಂತ ವಿಶಿಷ್ಟವಾದದ್ದು ಇದೇ ಎಂದ. ಅದನ್ನು ತಡೆಯಲು ಹೊರಟರೆ ಗಮನವೆಲ್ಲ ಮುಖದ ಮೇಲೆಯೇ ನಿಂತು ಇನ್ನಷ್ಟು ಕೆಂಪೇರುತ್ತದೆ ಎಂಬುದನ್ನೂ ಅವನು ಗುರುತಿಸಿದ್ದ.

ಆದ್ದರಿಂದ ಕೆಂಪಾದರೆ ಆಗಲಿ ಬಿಡಿ. ಅದರಿಂದ ನಷ್ಟವೂ ಇಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮುಜುಗರವನ್ನು ಮುಖದಲ್ಲಿ ತೋರಗೊಟ್ಟವರನ್ನೇ ಜನ ಹೆಚ್ಚು ನಂಬಿದರು. ತಪ್ಪಾದಾಗ ತಪ್ಪಾಯಿತೆಂದು ಮುಖವೇ ಒಪ್ಪಿಕೊಳ್ಳುವ ಮನುಷ್ಯನ ಮೇಲೆ ವಿಶ್ವಾಸ ಹುಟ್ಟುವುದು ಸಹಜ. ಕಲ್ಲುಮುಖ ಮಾಡಿಕೊಂಡು ಏನೂ ಆಗಿಲ್ಲವೆಂದು ನಟಿಸುವವರನ್ನು ಕಂಡರೆ ನಮಗೂ ಇರಿಸುಮುರಿಸೇ ಆಗುತ್ತದೆ.

ಈ ಅರ್ಧ ನಿಮಿಷದಲ್ಲಿ ಮಾಡಬೇಕಾದದ್ದು ಇಷ್ಟು. ಎರಡೂ ಪಾದಗಳನ್ನು ನೆಲಕ್ಕೆ ಊರಿ ನಿಲ್ಲಿ. ಮೂಗಿನಿಂದ ಉಸಿರು ತೆಗೆದುಕೊಳ್ಳಿ, ಅದರ ಮೇಲೆಯೇ ಇನ್ನೊಂದು ಸಣ್ಣ ಉಸಿರು ಸೇರಿಸಿ, ಆಮೇಲೆ ಬಾಯಿಂದ ನಿಧಾನವಾಗಿ, ಒಳಗೆ ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು, ಹೊರಗೆ ಬಿಡಿ. ಎರಡು ಮೂರು ಸಲ ಸಾಕು. ಉಸಿರು ಹೊರಹೋಗುವಾಗ ಹೃದಯದ ಬಡಿತ ತುಸು ನಿಧಾನವಾಗುವುದರಿಂದ ಈ ಉಪಾಯ ಕೆಲಸ ಮಾಡುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಉಸಿರಾಟವನ್ನು ದಿನಕ್ಕೆ 5 ನಿಮಿಷದಂತೆ ತಿಂಗಳು ಕಾಲ ಮಾಡಿದವರ ಮನಸ್ಸು, ಅಷ್ಟೇ ಹೊತ್ತು ಧ್ಯಾನಕ್ಕೆ ಕುಳಿತವರ ಮನಸ್ಸಿಗಿಂತ ಹೆಚ್ಚು ಉಲ್ಲಾಸಗೊಂಡಿತ್ತು.

ಮಾಡಬಾರದ್ದು ಎರಡು. ಮೊದಲನೆಯದು, ಬಾರದ ಕರೆ ಬಂದಂತೆ ಮೊಬೈಲನ್ನು ಕಿವಿಗೆ ಹಿಡಿಯುವುದು. ಅದೇ ಹೊತ್ತಿಗೆ ನಿಜವಾದ ಕರೆ ಬಂದು ಫೋನು ಕಿವಿಯಲ್ಲೇ ಮೊಳಗುವ ಅಪಾಯವಿದೆ. ಎರಡನೆಯದು, ಸ್ಥಳದಿಂದ ಪರಾರಿಯಾಗುವುದು. ಓಡಿಹೋದ ಜಾಗಕ್ಕೆ ಮರುದಿನ ಹೋಗುವುದು ಇನ್ನೂ ಕಷ್ಟ.

ಸರಿಪಡಿಸುವುದು ಮೊದಲು, ನಗು ಆಮೇಲೆ

ನಿಮ್ಮ ಎಡವಟ್ಟಿನಿಂದ ಇನ್ನೊಬ್ಬರಿಗೆ ತೊಂದರೆಯಾಗಿದ್ದರೆ ಹಾಸ್ಯಕ್ಕೆ ಆ ಕ್ಷಣದಲ್ಲಿ ಜಾಗವಿಲ್ಲ. ಪಂಕ್ತಿಯಲ್ಲಿ ಬಡಿಸುವಾಗ ಯಾರದೋ ರೇಷ್ಮೆ ಸೀರೆಯ ಮೇಲೆ ಸಾಂಬಾರು ಚೆಲ್ಲಿದಿರಿ ಎಂದುಕೊಳ್ಳಿ. "ಸೀರೆಗೂ ಊಟ ಆಯಿತು" ಎಂಬ ಮಾತು ಎಷ್ಟೇ ಚೆನ್ನಾಗಿ ಹೊಳೆದರೂ ನುಂಗಿಕೊಳ್ಳಿ. ಕ್ಷಮೆ ಕೇಳಿ. ಕಲೆಯನ್ನು ಉಜ್ಜದೆ ಒಣ ಬಟ್ಟೆಯಿಂದ ಒತ್ತಿ ತೆಗೆಯಲು ನೆರವಾಗಿ. ಡ್ರೈಕ್ಲೀನಿಂಗ್ ಖರ್ಚು ನನ್ನದೆಂದು ಹೇಳಿ. ಆ ಸಾಂಬಾರಿನ ಬಗ್ಗೆ ಮೊದಲ ತಮಾಷೆ ಮಾಡುವ ಹಕ್ಕು ಸೀರೆಯ ಒಡತಿಯದು. ಅವರು ನಕ್ಕರೆ ನೀವೂ ಸೇರಿಕೊಳ್ಳಬಹುದು.

ವಾಟ್ಸ್‌ಆ್ಯಪ್ ಎಡವಟ್ಟಿನದು ಬೇರೆ ಲೆಕ್ಕ. ಒಬ್ಬರಿಗೆ ಕಳಿಸಬೇಕಾದ ಸಂದೇಶ ಕುಟುಂಬದ ಗುಂಪಿಗೆ ಹೋಗಿದೆ. ಎಲ್ಲರ ಫೋನಿನಿಂದಲೂ ಅದನ್ನು ಅಳಿಸಲು ಎರಡು ದಿನಕ್ಕೂ ಹೆಚ್ಚು ಕಾಲಾವಕಾಶವಿದೆ, ನಿಜ. ಆದರೆ ಅಳಿಸಿದ ಜಾಗದಲ್ಲಿ ಸಂದೇಶ ಅಳಿಸಲಾಗಿದೆ ಎಂಬ ಸಾಲು ಉಳಿಯುತ್ತದೆ. ಮೂಲ ಸಂದೇಶಕ್ಕಿಲ್ಲದ ಕುತೂಹಲವನ್ನು ಆ ಸಾಲು ಹುಟ್ಟಿಸುತ್ತದೆ. "ಈರುಳ್ಳಿ ಮುಗಿದಿದೆ, ಬರುವಾಗ ತಾ" ಎಂಬಂಥ ಸಂದೇಶವಾದರೆ ಅಳಿಸಲು ಹೋಗಬೇಡಿ. ಹಾಗೆಯೇ ಬಿಟ್ಟು, "ತಂದವರಿಗೆ ಸಂಜೆ ಪಕೋಡ ಉಂಟು" ಎಂದು ಕೆಳಗೆ ಒಂದು ಸಾಲು ಸೇರಿಸಿ. ಅದೇ ಸಂದೇಶ ಅತ್ತೆಯ ಮೇಲಿನ ದೂರಾಗಿದ್ದರೆ, ಅಳಿಸಿ, ಮತ್ತು ಅವರು ಓದಿರಬಹುದೆಂದೇ ಭಾವಿಸಿ ನೇರವಾಗಿ ಫೋನ್ ಮಾಡಿ ಮಾತಾಡಿ. ಇಲ್ಲಿ ನಗೆಮುಖದ ಚಿತ್ರ ಕಳಿಸಿ ಪಾರಾಗಲು ಹೋದವರು ಪಾರಾದದ್ದನ್ನು ನಾನು ಕಂಡಿಲ್ಲ.

ಯಾವುದು ನಗುವಿಗೆ ಒದಗುತ್ತದೆ, ಯಾವುದು ಒದಗುವುದಿಲ್ಲ ಎಂಬುದಕ್ಕೆ ಪೀಟರ್ ಮೆಗ್ರಾ ಮತ್ತು ಕೇಲೆಬ್ ವಾರನ್ ಎಂಬ ಸಂಶೋಧಕರು 2010ರಲ್ಲಿ ಒಂದು ವಿವರಣೆ ಕೊಟ್ಟರು. ಏನೋ ಕೆಟ್ಟಿದೆ ಅನ್ನಿಸಬೇಕು, ಅದೇ ಹೊತ್ತಿಗೆ ಅದರಿಂದ ಅಪಾಯವೇನೂ ಇಲ್ಲವೆಂದೂ ಅನ್ನಿಸಬೇಕು. ಎರಡೂ ಒಟ್ಟಿಗೆ ಕೂಡಿದಾಗ ನಗು ಬರುತ್ತದೆ. ಮೆಟ್ಟಿಲಿನಲ್ಲಿ ಜಾರಿ ಬಿದ್ದವರು ಎದ್ದು ನಿಂತಾಗ ನಗು, ಏಳದಿದ್ದರೆ ಆಂಬುಲೆನ್ಸ್. ನಿಮ್ಮದೇ ಪ್ರಸಂಗಕ್ಕೂ ಇದೇ ಅಳತೆಗೋಲು. ಇನ್ನೂ ನೋಯುತ್ತಿದ್ದರೆ ನಗಲು ಅವಸರ ಬೇಡ.

ಒಂದು ಮಾತು, ಒಂದೇ ಮಾತು

ಯಾರಿಗೂ ಹಾನಿಯಾಗಿಲ್ಲ, ಉಸಿರೂ ಹದಕ್ಕೆ ಬಂದಿದೆ. ಈಗ ಒಂದು ಮಾತು ಆಡಿ. ಸುತ್ತಲಿದ್ದವರಿಗೆ ನೋಡಲೋ ಬೇಡವೋ, ನಗಲೋ ಬೇಡವೋ ಎಂಬ ಗೊಂದಲ ಇರುತ್ತದೆ. ನಿಮ್ಮ ಮಾತು ಅವರಿಗೆ ಅಪ್ಪಣೆ ಕೊಟ್ಟಂತೆ. ಕೌಂಟರಿನಲ್ಲಿ ಹಣ ಸಿಕ್ಕಿಕೊಂಡರೆ "ಇಡ್ಲಿ ಆರುವುದರೊಳಗೆ ಬ್ಯಾಂಕು ಮನಸ್ಸು ಮಾಡಿದರೆ ಸಾಕು" ಎನ್ನಬಹುದು. ವಿಡಿಯೊ ಸಭೆಯಲ್ಲಿ ಮೈಕ್ ತೆರೆದಿದ್ದು ಕುಕ್ಕರ್ ಕೂಗಿದರೆ "ಇನ್ನು ಎರಡು ಸೀಟಿ ಬಾಕಿ ಇದೆ, ಅಷ್ಟರಲ್ಲಿ ಸಭೆ ಮುಗಿಸೋಣ" ಎನ್ನಬಹುದು. ಮಾತು ಅದ್ಭುತವಾಗಿರಬೇಕಿಲ್ಲ. ಚಿಕ್ಕದಾಗಿರಬೇಕು, ಸನ್ನಿವೇಶದ ಬಗ್ಗೆಯೋ ನಿಮ್ಮ ಬಗ್ಗೆಯೋ ಇರಬೇಕು, ಪಕ್ಕದವರ ಮೇಲೆ ಬೀಳಬಾರದು. ಕ್ಯಾಷಿಯರ್‌ನನ್ನೋ ಮನೆಯವರನ್ನೋ ಎಳೆದು ತಂದರೆ ಮುಜುಗರ ಕೈ ಬದಲಾಯಿಸುತ್ತದೆಯೇ ಹೊರತು ಕರಗುವುದಿಲ್ಲ. ಆಡಿದ ಮೇಲೆ ನಿಲ್ಲಿಸಿ. ಒಂದಕ್ಕೆ ನಕ್ಕರೆಂದು ಇನ್ನೂ ನಾಲ್ಕು ಸೇರಿಸುವವರು ಆ ಘಟನೆಯನ್ನು ಎಲ್ಲರ ನೆನಪಿನಲ್ಲೂ ಮೊಳೆ ಹೊಡೆದು ನಿಲ್ಲಿಸುತ್ತಾರೆ.

ಕನ್ನಡಿಗರೆಲ್ಲರಿಗೂ ಗೊತ್ತಿರುವ ಒಂದು ಪೇಚನ್ನು ತುಸು ಹತ್ತಿರದಿಂದ ನೋಡೋಣ. ಮದುವೆಮನೆಯಲ್ಲಿ ಹಿರಿಯರೊಬ್ಬರು ಎದುರಿಗೆ ಬಂದು, ನಿಮ್ಮ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು, "ನಾನು ಯಾರು ಹೇಳು ನೋಡೋಣ?" ಎನ್ನುತ್ತಾರೆ. ಕೈ ಬಿಡುವುದಿಲ್ಲ. ಮುಖದಲ್ಲಿ ಪರೀಕ್ಷಕರ ಮಂದಹಾಸ. ನಿಮ್ಮ ತಲೆಯಲ್ಲಿ ಒಂದು ಹೆಸರೂ ಇಲ್ಲ. ಆಗ ನಮ್ಮಲ್ಲಿ ಹೆಚ್ಚಿನವರು ಮಾಡುವುದೆಂದರೆ, "ಅಯ್ಯೋ, ಗೊತ್ತಿಲ್ಲದೆ ಏನು! ಚೆನ್ನಾಗಿದ್ದೀರಾ? ಮನೆಯಲ್ಲಿ ಎಲ್ಲರೂ ಕ್ಷೇಮವೇ?" ಎಂದು ತೇಲಿಸುವುದು. ಪರೀಕ್ಷಕರು ಇಂಥ ಉತ್ತರಗಳನ್ನು ಬಹಳ ಕಂಡವರು. "ಹಾಗಾದರೆ ಹೆಸರು ಹೇಳು" ಎಂಬ ಎರಡನೆಯ ಪ್ರಶ್ನೆ ಸಿದ್ಧವಾಗಿರುತ್ತದೆ. ಅಲ್ಲಿಂದ ಮುಂದೆ ಒಂದೊಂದು ಸುಳ್ಳೂ ಇನ್ನೊಂದನ್ನು ಬೇಡುತ್ತದೆ. ಕೊನೆಗೆ ಅವರ ಪತ್ನಿಯ ಆರೋಗ್ಯ ವಿಚಾರಿಸಿ, ಅವರು ಬ್ರಹ್ಮಚಾರಿ ಎಂದು ತಿಳಿದುಬರುತ್ತದೆ.

ಇಲ್ಲಿ ಸೋಲನ್ನು ಮೊದಲ ಪ್ರಶ್ನೆಗೇ ಒಪ್ಪಿಕೊಳ್ಳುವುದು ಲೇಸು. "ಮುಖ ಗೊತ್ತು ಮಾವ, ಹೆಸರು ನಾಲಿಗೆಯ ತುದಿಗೆ ಬಂದು ಕೂತಿದೆ. ಊರು ಹೇಳಿದರೆ ಇಳಿಯುತ್ತದೆ" ಎನ್ನಿ. ಊರು ಕೇಳುವುದರಲ್ಲಿ ಒಂದು ಜಾಣತನವಿದೆ. ನಮ್ಮ ಹಿರಿಯರು ಊರು ಹೇಳಿದ ಮೇಲೆ ಅಲ್ಲಿಗೆ ನಿಲ್ಲಿಸುವುದಿಲ್ಲ. ನಿಮ್ಮ ಅಜ್ಜಿಯ ತಂಗಿಯ ಮೈದುನನ ಮನೆಯಿಂದ ಹಿಡಿದು ತಾವು ಯಾರೆಂಬುದರವರೆಗೆ ಸಂಬಂಧದ ಸರಪಳಿಯನ್ನು ತಾವೇ ಬಿಡಿಸಿ ಹೇಳುತ್ತಾರೆ. ಅವರಿಗೆ ಅದು ಸಂತೋಷದ ಕೆಲಸ. ನಿಮ್ಮ ಪೇಚು ಅವರ ಸಂಭ್ರಮದಲ್ಲಿ ಮುಳುಗಿಹೋಗುತ್ತದೆ.

ತಡವರಿಸಿದರೆ ನನ್ನ ಬೆಲೆ ಇಳಿಯುತ್ತದಲ್ಲವೇ ಎಂಬ ಪ್ರಶ್ನೆಗೆ ಹಳೆಯ ಪ್ರಯೋಗವೊಂದು ಅರ್ಧ ಸಮಾಧಾನ ಕೊಡುತ್ತದೆ. 1966ರಲ್ಲಿ ಎಲಿಯಟ್ ಆರನ್ಸನ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ರಸಪ್ರಶ್ನೆ ಸ್ಪರ್ಧಿಗಳ ಧ್ವನಿಮುದ್ರಣ ಕೇಳಿಸಿದರು. ಬಹುತೇಕ ಎಲ್ಲ ಪ್ರಶ್ನೆಗಳಿಗೂ ಸರಿಯುತ್ತರ ಕೊಟ್ಟ ಸ್ಪರ್ಧಿ ಕೊನೆಯಲ್ಲಿ ತನ್ನ ಮೇಲೆಯೇ ಕಾಫಿ ಚೆಲ್ಲಿಕೊಂಡಾಗ ಕೇಳುಗರಿಗೆ ಅವನು ಇನ್ನಷ್ಟು ಇಷ್ಟವಾದ. ಸಾಧಾರಣವಾಗಿ ಉತ್ತರಿಸಿದವನು ಕಾಫಿ ಚೆಲ್ಲಿಕೊಂಡಾಗ ಮಾತ್ರ ಮೊದಲಿದ್ದ ಮೆಚ್ಚುಗೆಯೂ ಇಳಿಯಿತು. ಕೆಲಸ ಗಟ್ಟಿಯಾಗಿದ್ದರೆ ಎಡವುವುದೂ ಚಂದ ಕಾಣುತ್ತದೆ ಎಂದಾಯಿತು. ಹೊಸ ಕಚೇರಿಗೆ ಸೇರಿದ ಮೊದಲ ವಾರದಲ್ಲಿಯೇ ತನ್ನನ್ನು ತಾನು ಗೇಲಿ ಮಾಡಿಕೊಂಡು ತಿರುಗುವ ಉತ್ಸಾಹಿಗಳು ಈ ಎರಡನೆಯ ಭಾಗವನ್ನು ನೆನಪಿಡುವುದು ಒಳ್ಳೆಯದು.

ಸಾಕ್ಷಿಗಳನ್ನು ಎಣಿಸಿ

ಮನೆಗೆ ಬಂದ ಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ಅಲ್ಲಿ ಯಾರು ಯಾರಿದ್ದರು, ಅವರಲ್ಲಿ ನಿಜವಾಗಿ ನೋಡಿದವರು ಯಾರು, ನಾಳೆಗೆ ನೆನಪಿಡುವವರು ಯಾರು ಎಂದು ಬರೆಯಿರಿ. ಮೂರನೆಯ ಪಟ್ಟಿಗೆ ಬರುವ ಹೊತ್ತಿಗೆ ಹೆಸರುಗಳು ಬೆರಳೆಣಿಕೆಗೆ ಇಳಿದಿರುತ್ತವೆ.

ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಾಕಿಕೊಂಡರೆ ನಾಚಿಕೆಯಾಗುವಂತೆ ಗಾಯಕ ಬ್ಯಾರಿ ಮ್ಯಾನಿಲೋ ಚಿತ್ರವಿದ್ದ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಬೇರೆ ವಿದ್ಯಾರ್ಥಿಗಳಿದ್ದ ಕೋಣೆಯೊಳಗೆ ಕಳಿಸಿದರು. ಕೋಣೆಯಲ್ಲಿದ್ದ ಸುಮಾರು ಅರ್ಧದಷ್ಟು ಜನ ಶರ್ಟನ್ನು ಗಮನಿಸಿರುತ್ತಾರೆ ಎಂದು ತೊಟ್ಟವರು ಅಂದಾಜು ಮಾಡಿದರು. ಗಮನಿಸಿದ್ದವರು ಕಾಲುಭಾಗದಷ್ಟು. ಅನುಮಾನವಿದ್ದರೆ ಇದನ್ನೇ ತಿರುಗಿಸಿ ನೋಡಿ. ಕಳೆದ ತಿಂಗಳು ನಿಮ್ಮ ಕಚೇರಿಯ ಯಾರು ಯಾರು ಯಾವ ಯಾವ ಪೇಚಿಗೆ ಸಿಕ್ಕರು, ಹೇಳಿ? ನೆನಪಾಗುವುದಿಲ್ಲ. ಅವರೆಲ್ಲರೂ ನಿಮ್ಮ ನೆನಪಿನ ಬಗ್ಗೆ ಚಿಂತಿಸಿ ಆ ರಾತ್ರಿ ಹೊರಳಾಡಿರುತ್ತಾರೆ.

ಸಾಕ್ಷಿಗಳ ಲೆಕ್ಕ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ನಮ್ಮಲ್ಲಿ ದುರ್ಯೋಧನನಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಮಯಸಭೆಯಲ್ಲಿ ನೆಲವನ್ನು ನೀರೆಂದು, ನೀರನ್ನು ನೆಲವೆಂದು ತಿಳಿದು ಬಟ್ಟೆ ಸಮೇತ ಕೊಳಕ್ಕೆ ಬಿದ್ದವನು. ದ್ರೌಪದಿ ನಕ್ಕಳು, ಅದರಿಂದ ಯುದ್ಧವಾಯಿತು ಎಂದು ನಾವೆಲ್ಲ ಕೇಳಿ ಬೆಳೆದಿದ್ದೇವೆ. ವ್ಯಾಸಭಾರತದ ಸಭಾಪರ್ವವನ್ನು ತೆರೆದರೆ, ಘಟನೆ ನಡೆಯುವ ಜಾಗದಲ್ಲಿ ನಕ್ಕವರೆಂದು ಬರುವುದು ಭೀಮ, ಅರ್ಜುನ, ನಕುಲ ಸಹದೇವರು ಮತ್ತು ಪರಿಚಾರಕರು. ಒಣ ಬಟ್ಟೆಯನ್ನೂ ತಂದುಕೊಡುತ್ತಾರೆ. ಹಸ್ತಿನಾವತಿಗೆ ಮರಳಿ ತಂದೆಯ ಮುಂದೆ ಅದೇ ಪ್ರಸಂಗವನ್ನು ದುರ್ಯೋಧನನ ಬಾಯಲ್ಲೇ ಕೇಳುವಾಗ ಕೃಷ್ಣನೂ ನಕ್ಕಿರುತ್ತಾನೆ, ದ್ರೌಪದಿಯೂ ಹೆಂಗಸರೊಡನೆ ಸೇರಿ ನಕ್ಕಿರುತ್ತಾಳೆ. ದಾರಿಯಲ್ಲಿ ನಕ್ಕವರ ಪಟ್ಟಿ ಬೆಳೆದಿದೆ. ಅವರು ನಿಜವಾಗಿಯೂ ನಕ್ಕಿದ್ದರೋ ಇಲ್ಲವೋ ಎಂಬ ವಾದ ಪಂಡಿತರಿಗಿರಲಿ. ಆರೋಪಪಟ್ಟಿ ತಯಾರಾಗುವ ಕ್ರಮ ಮಾತ್ರ ನಮಗೆಲ್ಲರಿಗೂ ಪರಿಚಿತ. ಬಟ್ಟೆ ಬದಲಾಯಿಸಿಕೊಂಡು ಬಂದು "ಮಯನ ಕೆಲಸ ಭಲೇ!" ಎಂದು ಅವನೇ ಮೊದಲು ನಕ್ಕಿದ್ದರೆ ಏನಾಗುತ್ತಿತ್ತು ಎಂದು ನಾನು ಆಗಾಗ ಯೋಚಿಸುವುದುಂಟು. ನಮ್ಮ ಯಕ್ಷಗಾನದವರಿಗೆ ಆಡಲು ಪ್ರಸಂಗಗಳು ಕಡಿಮೆಯಾಗುತ್ತಿದ್ದವು.

ರಾತ್ರಿಯ ಪಾಳಿ

ಹಗಲಿನ ಮುಜುಗರ ರಾತ್ರಿ ಪಾಳಿಗೆ ಬರುತ್ತದೆ. ದೀಪ ಆರಿಸಿದ ಮೇಲೆ ಅದೇ ದೃಶ್ಯ ಮತ್ತೆ ಮತ್ತೆ. ಯೋಚಿಸಬೇಡ ಎಂದು ಮನಸ್ಸಿಗೆ ಹೇಳಿ ಪ್ರಯೋಜನವಿಲ್ಲ. ಯೋಚಿಸುವ ಭಾಷೆಯನ್ನು ಬದಲಾಯಿಸಿ. ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಅವರ ಸಹೋದ್ಯೋಗಿಗಳ ಅಧ್ಯಯನಗಳ ಪ್ರಕಾರ, ತನ್ನೊಳಗೆ ಮಾತಾಡಿಕೊಳ್ಳುವಾಗ "ನಾನು" ಎನ್ನುವ ಬದಲು ತನ್ನ ಹೆಸರನ್ನೇ ಹಿಡಿದು ಮಾತಾಡಿಕೊಂಡವರಿಗೆ ಒತ್ತಡದ ಸಂದರ್ಭಗಳನ್ನು ನಿಭಾಯಿಸುವುದು ಸುಲಭವಾಗುತ್ತದೆ. ಹೆಸರು ಹಿಡಿದಾಗ ನಾವು ತುಸು ದೂರ ಸರಿದು, ಸ್ನೇಹಿತನ ಕಷ್ಟವನ್ನು ಕೇಳುವ ಜಾಗದಲ್ಲಿ ಕೂರುತ್ತೇವೆ.

ಇದನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದು ನಾನು ಪರಿಚಯದವರಿಗೆಲ್ಲ ಶಿಫಾರಸು ಮಾಡುವ ಉಪಾಯವೊಂದಿದೆ. ಘಟನೆಯನ್ನು ದಿನಪತ್ರಿಕೆಯ ಜಿಲ್ಲಾ ಪುಟದ ಸುದ್ದಿಯಂತೆ ಬರೆಯಿರಿ. ಉದಾಹರಣೆಗೆ:

"ನಗರದ ಕಲ್ಯಾಣ ಮಂಟಪವೊಂದರಲ್ಲಿ ಭಾನುವಾರ ಮಧ್ಯಾಹ್ನ ಧಾರೆಯ ಸಮಯದಲ್ಲಿ 42 ವರ್ಷದ ವ್ಯಕ್ತಿಯೊಬ್ಬರ ಪಂಚೆ ಏಕಾಏಕಿ ಸಡಿಲಗೊಂಡ ಪರಿಣಾಮ ಕೆಲಕಾಲ ಗೊಂದಲದ ವಾತಾವರಣ ನಿರ್ಮಾಣವಾಗಿತ್ತು. ಅದೃಷ್ಟವಶಾತ್ ಯಾವುದೇ ಪ್ರಾಣಹಾನಿ ಸಂಭವಿಸಿಲ್ಲ. ಸ್ಥಳಕ್ಕೆ ಧಾವಿಸಿದ ಸೋದರಮಾವ ಪರಿಸ್ಥಿತಿಯನ್ನು ಹತೋಟಿಗೆ ತಂದರು. ಬೆಲ್ಟ್ ಧರಿಸದೇ ಇದ್ದುದೇ ಘಟನೆಗೆ ಕಾರಣವೆಂದು ಪ್ರಾಥಮಿಕ ತನಿಖೆಯಿಂದ ತಿಳಿದುಬಂದಿದೆ. ಮುಂದಿನ ದಿನಗಳಲ್ಲಿ ಸೂಕ್ತ ಮುನ್ನೆಚ್ಚರಿಕೆ ವಹಿಸುವುದಾಗಿ ಸಂತ್ರಸ್ತರು ಪತ್ರಿಕೆಗೆ ತಿಳಿಸಿದ್ದಾರೆ."

ಈ ಶೈಲಿಯ ಗಾಂಭೀರ್ಯಕ್ಕೂ ವಿಷಯದ ಗಾತ್ರಕ್ಕೂ ಹೊಂದಿಕೆಯಿಲ್ಲದಿರುವುದೇ ನಗು ತರುತ್ತದೆ. ಪತ್ರಿಕೆ ಬೇಡವೆಂದರೆ ಕ್ರಿಕೆಟ್ ವೀಕ್ಷಕ ವಿವರಣೆಯಾಗಬಹುದು, ಪಂಚಾಯಿತಿ ಸಭೆಯ ನಡಾವಳಿಯಾಗಬಹುದು. "ಸದರಿ ಪಂಚೆಯ ವಿಷಯವನ್ನು ಸಭೆಯು ಕೂಲಂಕಷವಾಗಿ ಚರ್ಚಿಸಿ" ಎಂದು ಆರಂಭಿಸಿದರೆ ಮುಂದಿನದು ತಾನಾಗಿ ಬರುತ್ತದೆ.

ಬರೆದರೂ ನಗು ಬಾರದಿದ್ದರೆ ಪ್ರಸಂಗ ಇನ್ನೂ ಹಸಿಯಾಗಿದೆ ಎಂದರ್ಥ. ಆಗ ಶೈಲಿಯ ಗೊಡವೆಗೆ ಹೋಗದೆ ಮನಸ್ಸಿಗೆ ಬಂದದ್ದನ್ನು ಬಂದಂತೆಯೇ ಬರೆಯಿರಿ. ದಿನಕ್ಕೆ 15 ನಿಮಿಷ, ಸತತ ನಾಲ್ಕು ದಿನ ಹೀಗೆ ಮನಸ್ಸಿನ ಭಾರವನ್ನು ಬರೆಯಿಸುವ ಪದ್ಧತಿಯನ್ನು ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಬರೆದ ಹಾಳೆಯನ್ನು ಯಾರಿಗೂ ತೋರಿಸಬೇಕಿಲ್ಲ.

ಹೇಳುವುದನ್ನು ಕಲಿಯಿರಿ

ನನ್ನ ಸೋದರತ್ತೆ ಒಬ್ಬರಿದ್ದಾರೆ. ಅಕ್ಕಪಕ್ಕ ಎರಡು ಕಲ್ಯಾಣ ಮಂಟಪಗಳಿದ್ದ ರಸ್ತೆಯಲ್ಲಿ ತಪ್ಪು ಮಂಟಪದೊಳಗೆ ಹೋಗಿ, ಊಟ ಮಾಡಿ, ಮುಯ್ಯಿಯ ಲಕೋಟೆ ಹಿಡಿದು ವೇದಿಕೆ ಏರಿದಾಗ ಹುಡುಗ ಹುಡುಗಿ ಇಬ್ಬರೂ ಅಪರಿಚಿತರೆಂದು ಗೊತ್ತಾದ ಪ್ರಸಂಗ ಅವರದು. ಇದನ್ನು ಅವರು ಎಷ್ಟು ಸಲ ಹೇಳಿದರೂ ಮನೆಯವರೆಲ್ಲ ಕುಳಿತು ಕೇಳುತ್ತೇವೆ. ಹೇಳುವ ರೀತಿಯನ್ನು ಗಮನಿಸಿದರೆ ಕಲಿಯುವುದಕ್ಕೆ ಬೇಕಾದಷ್ಟಿದೆ.

ಅವರು "ಒಂದು ತಮಾಷೆ ಆಯಿತು ಕೇಳಿ" ಎಂದು ಎಂದೂ ಆರಂಭಿಸುವುದಿಲ್ಲ. ಊಟದಿಂದ ಆರಂಭಿಸುತ್ತಾರೆ. ಹೋಳಿಗೆ ಎಷ್ಟು ತೆಳ್ಳಗಿತ್ತು, ತುಪ್ಪವನ್ನು ಹೇಗೆ ಕೈ ಬಿಟ್ಟು ಬಡಿಸಿದರು, ಮಜ್ಜಿಗೆಹುಳಿಗೆ ಬೂದುಗುಂಬಳದ ಬದಲು ಏನು ಹಾಕಿದ್ದರು. ಪಕ್ಕದಲ್ಲಿ ಕುಳಿತ ಹೆಂಗಸಿಗೆ ತಾವು ಹುಡುಗನ ಕಡೆಯ ಹಳೆಯ ಸಂಬಂಧವೆಂದು ವಿವರಿಸಿದ್ದನ್ನು ಸಾವಕಾಶವಾಗಿ ಹೇಳುತ್ತಾರೆ. ಆ ಹೆಂಗಸು "ಹೌದೇ? ನಾನೇ ಹುಡುಗನ ಅತ್ತಿಗೆ" ಎಂದದ್ದನ್ನೂ, ಅದಕ್ಕೂ ಇವರು ಅಳುಕದೆ "ನಿಮ್ಮನ್ನು ಚಿಕ್ಕವರಿದ್ದಾಗ ನೋಡಿದ್ದು" ಎಂದದ್ದನ್ನೂ ಸೇರಿಸುತ್ತಾರೆ. ಇಷ್ಟು ಹೊತ್ತೂ ಮುಖದಲ್ಲಿ ನಗುವಿಲ್ಲ. ವೇದಿಕೆಯ ಮೇಲೆ ಹೋದಾಗ ಏನಾಯಿತು ಎಂದು ಕೇಳಿದರೆ, "ಇನ್ನೇನು ಮಾಡುವುದು? ದೀರ್ಘ ಸುಮಂಗಲಿ ಭವ ಎಂದೆ. ಫೋಟೋದಲ್ಲೂ ಇದ್ದೇನೆ" ಎಂದು ಅಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಮುಯ್ಯಿಯ ಲಕೋಟೆ ಏನಾಯಿತೆಂದು ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಅತ್ತೆ ಈ ಕಥೆಯಲ್ಲಿ ತಮ್ಮನ್ನು ದಡ್ಡಿ ಎಂದು ಎಲ್ಲಿಯೂ ಕರೆದುಕೊಳ್ಳುವುದಿಲ್ಲ. ನಾವು ನಗುವುದು ಅವರ ಅಚಲ ಆತ್ಮವಿಶ್ವಾಸಕ್ಕೆ. ಖಳನಾಯಕರು ಯಾರೂ ಇಲ್ಲ, ದಾರಿ ತಪ್ಪಿಸಿದ ಆಟೊದವನನ್ನು ಬೈಯುವುದಿಲ್ಲ. ಸಣ್ಣ ವಿವರಗಳನ್ನು ಬಿಡುವುದಿಲ್ಲ, ವಿವರಣೆಯನ್ನು ಪೂರ್ತಿ ಮಾಡುವುದಿಲ್ಲ. ನಿಮ್ಮ ಪ್ರಸಂಗವನ್ನು ಹೀಗೆ ಹೇಳಲು ಅಭ್ಯಾಸ ಮಾಡಿ. ಮೊದಲ ಕೇಳುಗರಾಗಿ ನಿಮ್ಮನ್ನು ಬಲ್ಲ ಒಬ್ಬರನ್ನು ಆರಿಸಿಕೊಳ್ಳಿ, ಕಚೇರಿಯ ಗುಂಪು ಬೇಡ. ಒಬ್ಬರೇ ಕುಳಿತು ನಗುತ್ತೇನೆಂದು ಹೊರಡುವುದೂ ಬೇಡ. ನಗುವನ್ನು ಜೀವಮಾನವಿಡೀ ಅಧ್ಯಯನ ಮಾಡಿದ ರಾಬರ್ಟ್ ಪ್ರೊವೈನ್ ಕಂಡುಕೊಂಡಂತೆ, ಜನ ಒಬ್ಬರೇ ಇದ್ದಾಗ ನಗುವುದಕ್ಕಿಂತ ಜೊತೆಯಲ್ಲಿದ್ದಾಗ ನಗುವುದು ಸುಮಾರು 30 ಪಟ್ಟು ಹೆಚ್ಚು.

ತನ್ನನ್ನು ತಾನು ನೋಡಿ ನಗುವುದರಲ್ಲಿಯೂ ಎರಡು ಬಗೆ. ರಾಡ್ ಮಾರ್ಟಿನ್ ಎಂಬ ಕೆನಡಾದ ಮನಶ್ಶಾಸ್ತ್ರಜ್ಞರು 2003ರಲ್ಲಿ ಹಾಸ್ಯದ ನಾಲ್ಕು ಶೈಲಿಗಳನ್ನು ಗುರುತಿಸಿ, ಕಷ್ಟದ ನಡುವೆ ತನ್ನನ್ನು ಹಗುರ ಮಾಡಿಕೊಳ್ಳುವ ಹಾಸ್ಯವನ್ನು, ಇತರರ ಮೆಚ್ಚುಗೆಗಾಗಿ ತನ್ನನ್ನೇ ತುಳಿದುಕೊಳ್ಳುವ ಹಾಸ್ಯದಿಂದ ಬೇರ್ಪಡಿಸಿದರು. ಮೊದಲನೆಯದು ಮನಸ್ಸಿನ ಆರೋಗ್ಯದ ಜೊತೆಗೂ ಎರಡನೆಯದು ಖಿನ್ನತೆ, ಆತಂಕಗಳ ಜೊತೆಗೂ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಪರೀಕ್ಷೆ ಸರಳ. ಎಲ್ಲರೂ ನಕ್ಕು ಎದ್ದುಹೋದ ಮೇಲೆ ನಿಮಗೆ ಹಗುರವೆನಿಸಿತೇ, ಕುಗ್ಗಿದಂತೆ ಅನಿಸಿತೇ? ಕುಗ್ಗಿದಂತೆ ಅನಿಸಿದರೆ ಆ ಕಥೆಯನ್ನು ಹೇಳುವುದು ಬಿಡಿ, ಕೇಳುಗರು ಎಷ್ಟೇ ಒತ್ತಾಯಿಸಲಿ.

ದಿನನಿತ್ಯದ ತಲೆಬಿಸಿಗೆ

ಮುಜುಗರ ಅಪರೂಪಕ್ಕೆ ಬರುವ ನೆಂಟ. ಒತ್ತಡ ಮನೆಯಲ್ಲೇ ಇರುವವನು. ಸಿಲ್ಕ್ ಬೋರ್ಡ್ ಜಂಕ್ಷನ್, ಸಾಲದ ಕಂತು, ಮಕ್ಕಳ ಪರೀಕ್ಷೆ, ಸಂಜೆ ಆರಕ್ಕೆ ಸರಿಯಾಗಿ "ಒಂದು ಸಣ್ಣ ಕೆಲಸ" ಎಂದು ಬರುವ ಕಚೇರಿಯ ಇಮೇಲ್. ಇಲ್ಲಿ ಹಾಸ್ಯಕ್ಕಿಂತ ಮೊದಲು ವಿಂಗಡಣೆ ನಡೆಯಬೇಕು. ಬದಲಾಯಿಸಬಹುದಾದದ್ದನ್ನು ಬದಲಾಯಿಸಿ. ಕಂತಿನ ದಿನಾಂಕ ಸಂಬಳಕ್ಕಿಂತ ಮೊದಲಿದ್ದರೆ ಬ್ಯಾಂಕಿಗೆ ಹೋಗಿ ಮುಂದೂಡಲು ಸಾಧ್ಯವೇ ಎಂದು ಕೇಳಿ, ಅದರ ಮೇಲೆ ಜೋಕು ಮಾಡುತ್ತ ಕೂರಬೇಡಿ. ನಿದ್ದೆ, ನಡಿಗೆ, ಹೊತ್ತಿಗೆ ಸರಿಯಾಗಿ ಊಟ, ಇವುಗಳ ಬಗ್ಗೆ ನಿಮಗೆ ನಾನು ಹೊಸದಾಗಿ ಹೇಳಬೇಕಾದದ್ದೇನಿಲ್ಲ. ಬದಲಾಯಿಸಲಾಗದ್ದು ಉಳಿಯುತ್ತದಲ್ಲ, ಅದು ಹಾಸ್ಯದ ಪಾಲು.

ಪದೇ ಪದೇ ಕಾಡುವ ರಗಳೆಗೆ ಒಂದು ಹೆಸರಿಡಿ. ಬೆಳಿಗ್ಗೆ ಹತ್ತು ಸಲ ಒದೆಸಿಕೊಳ್ಳದೆ ಹೊರಡದ ಸ್ಕೂಟರು ನಿಮ್ಮ ಮನೆಯಲ್ಲಿ "ದೊಡ್ಡಪ್ಪ" ಆಗಲಿ. "ಇವತ್ತು ದೊಡ್ಡಪ್ಪನ ಮೂಡ್ ಸರಿಯಿಲ್ಲ, ಬಸ್ಸಿಗೆ ಹೋಗುತ್ತೇನೆ" ಎಂದು ಹೇಳುವಾಗ ಸಿಟ್ಟಿನ ಅರ್ಧಭಾಗ ಇಳಿದಿರುತ್ತದೆ. ಮಲಗುವ ಮುನ್ನ ದಿನದ ಅತ್ಯಂತ ಅಸಂಬದ್ಧ ಸಂಗತಿಯನ್ನು ಒಂದೇ ಸಾಲಿನಲ್ಲಿ ಬರೆದಿಡಿ. ರಾತ್ರಿಗೆ ಒಂದು ಸಾಲು ಬೇಕಲ್ಲ ಎಂದು ಹಗಲೆಲ್ಲ ಕಣ್ಣು ಹುಡುಕತೊಡಗುತ್ತದೆ, ಈ ಅಭ್ಯಾಸದ ಲಾಭವಿರುವುದು ಅಲ್ಲಿ. ಸ್ನೇಹಿತರೊಬ್ಬರ ಜೊತೆ ಗೊಣಗಾಟದ ಒಪ್ಪಂದವನ್ನೂ ಮಾಡಿಕೊಳ್ಳಬಹುದು. ಯಾರ ಬಗ್ಗೆ ಬೇಕಾದರೂ ದೂರಬಹುದು, ಆದರೆ ಪ್ರತಿ ದೂರಿನಲ್ಲಿಯೂ ಒಂದು ನಗಬಹುದಾದ ವಿವರ ಇರಲೇಬೇಕು. ಇಲ್ಲದಿದ್ದರೆ ಆ ದೂರು ಅಂಗೀಕಾರವಾಗುವುದಿಲ್ಲ.

ಎಲ್ಲರಿಗೂ ಬರುವ ತಲೆಬಿಸಿಗಳಿಂದಲೇ ಹಾಸ್ಯ ತೆಗೆಯುವ ಪರಂಪರೆ ನಮ್ಮಲ್ಲಿ ದೊಡ್ಡದು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ 1942ರಲ್ಲಿ ಬೆಂಗಳೂರಿನಲ್ಲಿ ಕೊರವಂಜಿ ಎಂಬ ನಗೆ ಮಾಸಪತ್ರಿಕೆ ತೆಗೆದವರು ರಾಶಿ ಎಂದು ಹೆಸರಾದ ಎಂ. ಶಿವರಾಂ. ವೃತ್ತಿಯಲ್ಲಿ ಅವರು ವೈದ್ಯರು. ಪತ್ರಿಕೆ ಕಾಲು ಶತಮಾನ ನಡೆಯಿತು. ರೋಗಿಗಳನ್ನು ನೋಡುತ್ತಿದ್ದ ಮನುಷ್ಯ ನಗೆಪತ್ರಿಕೆಗೆ ಅಷ್ಟು ವರ್ಷ ಶ್ರಮಪಟ್ಟದ್ದು ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ.

ನಗೆಕೂಟಗಳ ವಿಷಯವನ್ನೂ ಹೇಳಬೇಕು. 1995ರಲ್ಲಿ ಮುಂಬೈಯ ಉದ್ಯಾನವೊಂದರಲ್ಲಿ ವೈದ್ಯ ಮದನ್ ಕಟಾರಿಯಾ ಆರಂಭಿಸಿದ ಈ ಪದ್ಧತಿ ಈಗ ನಮ್ಮ ಊರುಗಳ ಪಾರ್ಕುಗಳಲ್ಲಿಯೂ ಇದೆ. ಬೆಳಿಗ್ಗೆ ಎಲ್ಲರೂ ಸುತ್ತ ನಿಂತು ಕಾರಣವಿಲ್ಲದೆ ಜೋರಾಗಿ ನಗುತ್ತಾರೆ. ಒಳ್ಳೆಯ ವ್ಯಾಯಾಮ, ನಾಲ್ಕು ಜನರ ಪರಿಚಯವೂ ಆಗುತ್ತದೆ, ಹಿಡಿಸಿದರೆ ಖಂಡಿತ ಹೋಗಿ. ಬೆಳಿಗ್ಗೆ ಆರು ಗಂಟೆಗೆ ಕಾರಣವಿಲ್ಲದೆ ನಗುವುದೇ ನನಗಂತೂ ಒಂದು ಮುಜುಗರ.

ನಗಬಾರದ ಜಾಗಗಳು

ಜಾತಿ, ಬಣ್ಣ, ಮೈಕಟ್ಟು, ಮಾತಿನ ಧಾಟಿ ಇವುಗಳನ್ನು ಹಿಡಿದು ಯಾರಾದರೂ ನಿಮ್ಮನ್ನು ಪೇಚಿಗೆ ಸಿಲುಕಿಸಿದರೆ ಅದು ಪೇಚಲ್ಲ, ಅವಮಾನ. "ತಮಾಷೆಗೆ ಅಂದೆ, ಅಷ್ಟೂ ಗೊತ್ತಾಗುವುದಿಲ್ಲವೇ?" ಎಂಬ ಮಾತಿಗೆ ಬೆದರಿ ನಗಬೇಕಾಗಿಲ್ಲ. "ನನಗೆ ಇದು ತಮಾಷೆ ಅನ್ನಿಸಲಿಲ್ಲ" ಎಂದು ಸಮಾಧಾನದ ದನಿಯಲ್ಲಿ ಹೇಳಿ ಸುಮ್ಮನಾಗಿ. ಮುಂದಿನ ಮೌನವನ್ನು ತುಂಬುವ ಹೊಣೆ ಅವರದು. ಕೆಲಸದ ಜಾಗದಲ್ಲಿ ಮತ್ತೆ ಮತ್ತೆ ನಡೆದರೆ ದಿನಾಂಕ ಸಮೇತ ಬರೆದಿಟ್ಟು ಲಿಖಿತವಾಗಿ ದೂರು ಕೊಡಿ.

ಇನ್ನೊಂದು ಜಾಗ ನಮ್ಮ ಒಳಗಿನದು. ಜನರೆದುರು ಎಡವಿಬಿಡುತ್ತೇನೆ ಎಂಬ ಹೆದರಿಕೆಯಿಂದ ಮದುವೆಮನೆ, ಸಭೆ, ಫೋನ್ ಕರೆಗಳನ್ನು ತಪ್ಪಿಸಿಕೊಳ್ಳುತ್ತಿದ್ದರೆ, ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಯಾವುದರಲ್ಲಿಯೂ ಆಸಕ್ತಿ ಉಳಿಯದಿದ್ದರೆ ಮೇಲಿನ ಉಪಾಯಗಳು ಸಾಲುವುದಿಲ್ಲ. ಎಲ್ಲರನ್ನೂ ನಗಿಸುತ್ತ ಒಳಗೊಳಗೇ ಕುಸಿಯುತ್ತಿರುವವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ.

ಬೇರೆಯವರು ಎಡವಿದಾಗ

ನೋಡುಗರ ಜಾಗದಲ್ಲಿ ನಾವಿರುವ ಸಂದರ್ಭಗಳೇ ಹೆಚ್ಚು. ಎಡವಿದವರು ತಾವಾಗಿ ನಗುವವರೆಗೆ ಕಾಯಿರಿ. ಕಾಯುವಾಗ ದಿಟ್ಟಿಸಬೇಡಿ, ಕೈಗೆ ಕೆಲಸ ಕೊಡಿ: ಬಿದ್ದ ಚೀಲ ಎತ್ತಿಕೊಡಿ, ಕೌಂಟರಿನಲ್ಲಿ ಸಿಕ್ಕಿಕೊಂಡವರ ಬಿಲ್ ನಲವತ್ತೋ ಐವತ್ತೋ ಆಗಿದ್ದರೆ "ನಾನು ಕೊಟ್ಟಿರುತ್ತೇನೆ, ಆಮೇಲೆ ಕಳಿಸಿ" ಎನ್ನಿ. ಮೊಬೈಲ್ ಕ್ಯಾಮೆರಾ ಮಾತ್ರ ಜೇಬಿನಲ್ಲಿಯೇ ಇರಲಿ.

ಮಕ್ಕಳ ವಿಷಯದಲ್ಲಿ ಇನ್ನೂ ತುಸು ಎಚ್ಚರ ಬೇಕು. ಶಾಲೆಯ ವಾರ್ಷಿಕೋತ್ಸವದಲ್ಲಿ ಕಿತ್ತೂರು ಚೆನ್ನಮ್ಮನ ವೇಷ ಹಾಕಿದ ಹುಡುಗಿ "ನಿಮಗೇಕೆ ಕೊಡಬೇಕು ಕಪ್ಪ" ಎನ್ನಬೇಕಾದ ಜಾಗದಲ್ಲಿ ಮಾತು ಮರೆತು, ಕತ್ತಿಯನ್ನು ಅಲ್ಲೇ ಬಿಟ್ಟು, ಅಮ್ಮನನ್ನು ಹುಡುಕಿಕೊಂಡು ವೇದಿಕೆಯಿಂದ ಇಳಿದುಬರುತ್ತಾಳೆ. ದೊಡ್ಡವರಿಗೆ ಅದು ವರ್ಷದ ಅತ್ಯುತ್ತಮ ದೃಶ್ಯ. ಮನೆಗೆ ಬಂದ ನೆಂಟರಿಗೆಲ್ಲ ವಿಡಿಯೊ ಹಾಕಿ ತೋರಿಸುತ್ತಾರೆ, ಅವಳು ಪರದೆಯ ಹಿಂದೆ ನಿಂತಿರುತ್ತಾಳೆ. ಹಾಕುವ ಮುನ್ನ ಅವಳನ್ನು ಕೇಳಿ. ಬೇಡ ಎಂದರೆ ಬೇಡ, "ಎಷ್ಟು ಮುದ್ದಾಗಿದೆ ಪುಟ್ಟೀ" ಎಂಬ ವಾದವೂ ಬೇಡ. ವಿಡಿಯೊ ಅಳಿಸಬೇಕಾಗಿಲ್ಲ, ಜೋಪಾನವಾಗಿ ಇಟ್ಟುಕೊಂಡಿರಿ. ಇಪ್ಪತ್ತು ದಾಟಿದ ಮೇಲೆ ಅವಳೇ ಕೇಳಿ ಹಾಕಿಸಿಕೊಳ್ಳುತ್ತಾಳೆ, ಆಗ ಅದನ್ನು ಯಾವ ಫೋನಿನಲ್ಲಿ ಇಟ್ಟಿದ್ದಿರೆಂದು ನೀವು ಹುಡುಕುತ್ತಿರುತ್ತೀರಿ.